ಪೆನ್ಸಿಲ್ ಆಮೇಲೆ, ಮೊದಲು ಟ್ಯೂಬ್ ಲೆವೆಲ್

ಪ್ರಶ್ನೆ: ಮೈಸೂರಿನಲ್ಲಿದ್ದೇನೆ, ಆರು ವರ್ಷದಿಂದ ಗಾಲ್ಫ್ ಆಡುತ್ತೇನೆ, ಹ್ಯಾಂಡಿಕ್ಯಾಪ್ 17, ಅಂದರೆ ನಿಗದಿತ ಹೊಡೆತಗಳಿಗಿಂತ ಸುಮಾರು 17 ಹೆಚ್ಚು ಬೇಕಾಗುವ ಸಾಧಾರಣ ಆಟಗಾರ. ಇತ್ತೀಚೆಗೆ ಸ್ಕೋರಿಗಿಂತ ಕೋರ್ಸಿನ ಮೇಲೇ ಕಣ್ಣು ಹೋಗುತ್ತಿದೆ. ಈ ಬಂಕರ್ (ಮರಳಿನ ಗುಂಡಿ) ಇಲ್ಲೇಕೆ, ಈ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಹೀಗೇಕೆ ವಾಲಿದೆ ಎಂದು ಯೋಚಿಸುತ್ತ ನೋಟ್‌ಬುಕ್ಕಿನಲ್ಲಿ ನನ್ನದೇ ಹೋಲ್‌ಗಳನ್ನು, ಅಂದರೆ ಮೊದಲ ಹೊಡೆತದ ಜಾಗದಿಂದ ಗ್ರೀನ್‌ವರೆಗಿನ ಹಾದಿಗಳನ್ನು, ಬಿಡಿಸುತ್ತಿದ್ದೇನೆ. ಓದಿದ್ದು ಬಿ.ಕಾಂ. ಕೋರ್ಸ್ ವಿನ್ಯಾಸವನ್ನು ಸರಿಯಾಗಿ ಕಲಿಯಬೇಕೆಂದರೆ ಎಲ್ಲಿಂದ ಶುರು ಮಾಡಲಿ? ಇದು ಚಾಂಪಿಯನ್ ಆಟಗಾರರಿಗೆ, ಎಂಜಿನಿಯರುಗಳಿಗೆ ಮಾತ್ರ ಒಲಿಯುವ ಕೆಲಸವೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಅಲ್ಲ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ (ಕೆಜಿಎ) ಕೋರ್ಸನ್ನು ರೂಪಿಸಿದ ಪೀಟರ್ ಥಾಮ್ಸನ್ ಐದು ಸಲ ಬ್ರಿಟಿಷ್ ಓಪನ್ ಗೆದ್ದವರು, ನಿಜ. ಆದರೆ ಈ ಕಸುಬಿನ ದೊಡ್ಡ ಹೆಸರುಗಳಲ್ಲಿ ಹಲವರು ಬೇರೆ ಕಸುಬಿನಿಂದ ಬಂದವರು. ಆಲಿಸ್ಟರ್ ಮೆಕೆಂಝಿ ವೈದ್ಯರಾಗಿದ್ದರು. 1914ರಲ್ಲಿ ಇಂಗ್ಲೆಂಡಿನ ‘ಕಂಟ್ರಿ ಲೈಫ್’ ಪತ್ರಿಕೆ ನಡೆಸಿದ ಹೋಲ್ ವಿನ್ಯಾಸದ ಸ್ಪರ್ಧೆಯನ್ನು ಅವರು ಗೆದ್ದರು. ಮುಂದೆ ಕ್ಯಾಲಿಫೋರ್ನಿಯಾದ ಸೈಪ್ರೆಸ್ ಪಾಯಿಂಟ್, ಅಮೆರಿಕದ ಆಟಗಾರ ಬಾಬಿ ಜೋನ್ಸ್ ಜೊತೆ ಸೇರಿ ಆಗಸ್ಟಾ ನ್ಯಾಷನಲ್ ಅವರ ಕೈಯಿಂದ ಬಂದವು. ಅಮೆರಿಕದ ಇತರ ಹೆಸರಾಂತ ಕೋರ್ಸುಗಳೂ ಹಾಗೆಯೇ: ಪೈನ್ ವ್ಯಾಲಿಯ ಜಾರ್ಜ್ ಕ್ರಂಪ್ ಹೋಟೆಲ್ ನಡೆಸುತ್ತಿದ್ದವರು. ಓಕ್‌ಮಾಂಟ್‌ನ ಹೆನ್ರಿ ಫೌನ್ಸ್ ಉಕ್ಕಿನ ಉದ್ಯಮಿ. ಮೆರಿಯನ್‌ನ ಹ್ಯೂ ವಿಲ್ಸನ್ ವಿಮೆ ವ್ಯವಹಾರದವರು, ಅಂದರೆ ನಿಮ್ಮ ಬಿ.ಕಾಂ.ಗೆ ಹತ್ತಿರದ ನೆಂಟರು.

ಇನ್ನು ನಿಮ್ಮ ನೋಟ್‌ಬುಕ್ ವಿಷಯ. ಅದನ್ನು ಆರು ತಿಂಗಳು ಪಕ್ಕಕ್ಕಿಡಿ. ಹೊಸಬರು ಬಿಡಿಸುವ ಹೋಲ್‌ಗಳೆಲ್ಲ ಹಕ್ಕಿಯ ಕಣ್ಣಿನ ಚಿತ್ರಗಳು: ಮೇಲಿಂದ ನೋಡಿದರೆ ಚೆಂದದ ಬಳುಕು, ಹುರುಳಿಕಾಳಿನಂಥ ಬಂಕರ್, ನಡುವೆ ನೀಲಿ ಕೊಳ. ಆಡುವವನಿಗೆ ಇದ್ಯಾವುದೂ ಕಾಣುವುದಿಲ್ಲ. ಅವನ ಕಣ್ಣು ನೆಲದಿಂದ ಐದೂವರೆ ಅಡಿ ಎತ್ತರದಲ್ಲಿದೆ. ಅವನ ಚೆಂಡು ಇಳಿಜಾರಿನ ಮಾತು ಕೇಳುತ್ತದೆಯೇ ಹೊರತು ಗೆರೆಯ ಮಾತನ್ನಲ್ಲ. ಕಾಗದದಲ್ಲಿ ಇಲ್ಲದ್ದು ಎರಡು, ಕೋನದ ಬೆಲೆ ಮತ್ತು ನೆಲದ ಮಟ್ಟ. ಮೊದಲು ಅವೆರಡನ್ನು ಕಲಿಯಿರಿ.

ಕೋನ ಅಂದರೆ ಏನೆಂದು ತಿಳಿಯಲು ಒಂದೇ ಹೋಲ್ ಸಾಕು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸಿನ 17ನೆಯದು, ರೋಡ್ ಹೋಲ್. ಓಪನ್ ನಡೆಯುವಾಗ 495 ಗಜ, ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದದ್ದು. ಇದನ್ನು ಟೀಯಿಂದ (ಮೊದಲ ಹೊಡೆತದ ಜಾಗ) ಓದಬೇಡಿ, ಗ್ರೀನ್‌ನಿಂದ ಹಿಂದಕ್ಕೆ ಓದುತ್ತ ಬನ್ನಿ. ಗ್ರೀನ್ ಉದ್ದಕ್ಕಿದೆ, ಅಗಲ ಕಡಿಮೆ, ಆಟದ ದಿಕ್ಕಿಗೆ ಓರೆಯಾಗಿ ಮಲಗಿದೆ. ಅದರ ಮುಂದಿನ ಎಡ ಅಂಚನ್ನು ಒಂದು ಆಳವಾದ ಬಂಕರ್ ಕಚ್ಚಿ ತಿಂದಿದೆ. ಹಿಂಬದಿಗೆ ರಸ್ತೆ, ಅದರಾಚೆ ಕಲ್ಲಿನ ಗೋಡೆ. ಚೆಂಡು ರಸ್ತೆಗೆ ಹೋದರೆ ಅಲ್ಲಿಂದಲೇ ಹೊಡೆಯಬೇಕು. ಈಗ ಫೇರ್‌ವೇಯ, ಅಂದರೆ ಟೀಗೂ ಗ್ರೀನ್‌ಗೂ ನಡುವಿನ ಹುಲ್ಲುಹಾದಿಯ, ಎಡಭಾಗದಲ್ಲಿ ನಿಂತಿದ್ದೀರಿ ಎನ್ನಿ. ಬಂಕರ್ ದಾಟಿಸಬೇಕು, ದಾಟಿದ ಚೆಂಡು ನಿಲ್ಲಲು ಗ್ರೀನ್ ಅಗಲವಿಲ್ಲ, ಹಿಂದೆ ರಸ್ತೆ ಕಾಯುತ್ತಿದೆ. ಅದೇ ಬಲಭಾಗದಿಂದ ನೋಡಿದರೆ ಗ್ರೀನ್ ತನ್ನ ಉದ್ದಕ್ಕೂ ತೆರೆದುಕೊಳ್ಳುತ್ತದೆ, ಚೆಂಡನ್ನು ಉರುಳಿಸಿಯೂ ಒಳಗೆ ಬಿಡಬಹುದು. ಹಾಗಾದರೆ ಎಲ್ಲರೂ ಬಲಕ್ಕೇ ಹೊಡೆಯಬಹುದಲ್ಲ? ಬಲಕ್ಕೆ ಹೋಟೆಲಿನ ಗಡಿ, ಅದರಾಚೆ ಔಟ್ ಆಫ್ ಬೌಂಡ್ಸ್, ಆಟದ ಹೊರಗಿನ ಜಾಗ. ಒಳ್ಳೆಯ ಜಾಗ ಬೇಕಾದರೆ ಟೀಯಿಂದ ಹೋಟೆಲಿನ ಶೆಡ್ಡುಗಳ ಮೂಲೆಯ ಮೇಲಿಂದಲೇ ಹೊಡೆಯಬೇಕು.

ಈಗ ಮನಸ್ಸಿನಲ್ಲೇ ಆ ಒಂದು ಬಂಕರನ್ನು ಮುಚ್ಚಿಬಿಡಿ. ಎಡದಿಂದ ಬರುವುದೂ ಬಲದಿಂದ ಬರುವುದೂ ಹೆಚ್ಚುಕಡಿಮೆ ಒಂದೇ ಆಗುತ್ತದೆ, ಹೋಟೆಲ್ ಬರೀ ಅಲಂಕಾರಕ್ಕೆ ಉಳಿಯುತ್ತದೆ. ಅಂದರೆ 400 ಗಜಕ್ಕೂ ಹಿಂದಿನ ಟೀ ಹೊಡೆತದ ಬೆಲೆಯನ್ನು ಗ್ರೀನ್ ಬದಿಯ ಒಂದು ಗುಂಡಿ ನಿರ್ಧರಿಸುತ್ತಿದೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ: ಆ ಬಂಕರಿನ ಸುತ್ತಲಿನ ನೆಲವೆಲ್ಲ ಅದರ ಕಡೆಗೇ ವಾಲಿದೆ. 1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಕಾಜಿಮಾ ಗ್ರೀನ್ ಮೇಲಿಂದ ಪಟ್ (ಮೆಲ್ಲನೆ ಉರುಳಿಸುವ ಹೊಡೆತ) ಮಾಡಿದ ಚೆಂಡು ಉರುಳಿ ಅದರೊಳಗೆ ಬಿತ್ತು, ಹೋಲ್ ಮುಗಿಸುವಾಗ 9 ಹೊಡೆತ ಆಗಿತ್ತು. ಬಂಕರಿನ ಅಳತೆಯನ್ನು ಮರಳಿನ ಅಂಚಿನಿಂದ ತೆಗೆಯಬಾರದು, ಚೆಂಡು ಎಲ್ಲಿಂದ ಅದರ ಕಡೆ ತಿರುಗುತ್ತದೋ ಅಲ್ಲಿಂದ ತೆಗೆಯಬೇಕು.

ಮುಂದಿನ ವಾರ ನಿಮ್ಮ ಕೋರ್ಸಿನ ಯಾವುದಾದರೂ ಪಾರ್ 4 ಹೋಲನ್ನು ಹೀಗೆಯೇ ಗ್ರೀನ್‌ನಿಂದ ಟೀವರೆಗೆ ಹಿಂದಕ್ಕೆ ನಡೆಯಿರಿ. 100, 150 ಗಜದಲ್ಲಿ ನಿಂತು ತಿರುಗಿ ನೋಡಿ: ಫೇರ್‌ವೇಯ ಎಡ, ನಡು, ಬಲ ಮೂರೂ ಕಡೆಯಿಂದ ಪಿನ್ (ಕುಳಿಯಲ್ಲಿ ನೆಟ್ಟ ಕೋಲು) ಒಂದೇ ಥರ ಕಾಣುತ್ತದೆಯೇ? ಹೌದಾದರೆ ಆ ಹೋಲ್ ಎಷ್ಟೇ ಕಷ್ಟವಿರಲಿ, ಆಟಗಾರನಿಗೆ ಯಾವ ಆಯ್ಕೆಯನ್ನೂ ಕೊಡುತ್ತಿಲ್ಲ. ನಮ್ಮ ಕಡೆಯ ಎಷ್ಟೋ ಹೋಲ್‌ಗಳು ಇಂಥವೇ; ಎರಡೂ ಬದಿಗೆ ಮರದ ಸಾಲು, ನಡುವೆ ದಾರಿ, ಕೊನೆಗೆ ದುಂಡಗಿನ ಗ್ರೀನ್. ಅದು ವಿನ್ಯಾಸ ಅಲ್ಲ, ಓಣಿ.

ಇದೇ ಪಾಠದ ಪಾರ್ 3 ರೂಪ ಬೇಕಾದರೆ ಸ್ಕಾಟ್ಲೆಂಡಿನ ನಾರ್ತ್ ಬರಿಕ್‌ನ 15ನೇ ಹೋಲ್, ರೆಡಾನ್, ನೋಡಿ. ಕ್ರೈಮಿಯಾ ಯುದ್ಧದ ಕೋಟೆಯೊಂದರಿಂದ ಬಂದ ಹೆಸರು. ಗ್ರೀನ್ ಓರೆಯಾಗಿದೆ, ಮುಂಬಲದಿಂದ ಹಿಂದಿನ ಎಡಕ್ಕೆ ಇಳಿಯುತ್ತದೆ, ಅಂದರೆ ಆಟಗಾರನಿಂದ ದೂರಕ್ಕೆ. ಮುಂದಿನ ಎಡಕ್ಕೆ ಆಳದ ಬಂಕರ್. ಪಿನ್‌ಗೆ ನೇರ ಹೊಡೆದರೆ ಚೆಂಡು ನಿಲ್ಲುವುದು ಕಷ್ಟ. ಬಲ ಭುಜದ ಮೇಲೆ ಬೀಳಿಸಿ ಇಳಿಜಾರಿಗೆ ಒಪ್ಪಿಸಬೇಕು. ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ಇದನ್ನು ಅಮೆರಿಕಕ್ಕೆ ಒಯ್ದು ಲಾಂಗ್ ಐಲೆಂಡಿನ ನ್ಯಾಷನಲ್ ಗಾಲ್ಫ್ ಲಿಂಕ್ಸ್‌ನ 4ನೇ ಹೋಲ್ ಮಾಡಿದರು. ಒಳ್ಳೆಯ ಹೋಲ್‌ನ ಉಪಾಯವನ್ನು ಎತ್ತಿಕೊಂಡು ಬೇರೆ ನೆಲಕ್ಕೆ ಹೊಂದಿಸುವುದು ಈ ಕಸುಬಿನಲ್ಲಿ ಕಳ್ಳತನ ಅನಿಸಿಕೊಳ್ಳುವುದಿಲ್ಲ.

ಇನ್ನು ಮಟ್ಟ. ಇಲ್ಲಿ ಸ್ವಲ್ಪ ಬೆವರು ಸುರಿಸಬೇಕು. ಒಂದು ಗ್ರೀನ್ ಆರಿಸಿಕೊಂಡು ಪೂರ್ತಿ ಅಳೆಯಿರಿ. ಕ್ಲಬ್ಬಿನ ಕಾರ್ಯದರ್ಶಿಯ ಮತ್ತು ಹುಲ್ಲು ನೋಡಿಕೊಳ್ಳುವ ಗ್ರೀನ್‌ಕೀಪರರ ಅನುಮತಿ ಪಡೆದು, ಆಟವಿಲ್ಲದ ನಿರ್ವಹಣೆಯ ದಿನ ಹೋಗಿ. ಸರ್ವೇ ಉಪಕರಣ ಬೇಕಿಲ್ಲ, ಗಾರೆ ಮೇಸ್ತ್ರಿಗಳು ಬಳಸುವ ಟ್ಯೂಬ್ ಲೆವೆಲ್ ಸಾಕು: 20 ಮೀಟರ್ ಪಾರದರ್ಶಕ ಪೈಪು, ಎರಡು ಅಳತೆ ಪಟ್ಟಿ, ಒಂದು ಬಕೆಟ್ ನೀರು, ಜೊತೆಗೊಬ್ಬರು. ನೀರಿಗೆ ನಾಲ್ಕು ಹನಿ ಶಾಯಿ ಹಾಕಿದರೆ ಗೆರೆ ಸ್ಪಷ್ಟ ಕಾಣುತ್ತದೆ. ಪೈಪನ್ನು ನಲ್ಲಿಯಿಂದ ರಭಸವಾಗಿ ತುಂಬಬೇಡಿ. ಬಕೆಟ್ಟಿನಿಂದ ಬಾಯಲ್ಲಿ ಎಳೆದು ನಿಧಾನವಾಗಿ ತುಂಬಿ, ಉದ್ದಕ್ಕೂ ಬೆರಳಲ್ಲಿ ತಟ್ಟುತ್ತ ಗುಳ್ಳೆ ಓಡಿಸಿ. ಒಳಗೆ ಗುಳ್ಳೆ ಉಳಿದರೆ ಅಳತೆ ಸೆಂಟಿಮೀಟರುಗಟ್ಟಲೆ ತಪ್ಪುತ್ತದೆ, ತಪ್ಪಿದ್ದು ಗೊತ್ತೂ ಆಗುವುದಿಲ್ಲ. ಓದುವಾಗ ಎರಡೂ ತುದಿಯಿಂದ ಹೆಬ್ಬೆರಳು ತೆಗೆದಿರಬೇಕು.

ಗ್ರೀನ್‌ನ ಹೊರಗೆ ಒಂದು ಸ್ಥಿರ ಗೂಟ, ಅದೇ ನಿಮ್ಮ ಸೊನ್ನೆ; ಗೂಟದ ಬಳಿ ಪಟ್ಟಿಯಲ್ಲಿ ನೀರು ತೋರುವ ಅಂಕಿಗೂ ಅಳೆಯುವ ಬಿಂದುವಿನ ಬಳಿಯ ಅಂಕಿಗೂ ಇರುವ ವ್ಯತ್ಯಾಸವೇ ಆ ಬಿಂದುವಿನ ಮಟ್ಟ. ಗ್ರೀನ್ ಮೇಲೆ 3 ಮೀಟರಿಗೊಂದರಂತೆ ಚೌಕಳಿ. ಗುರುತಿಗೆ ಮರದ ಟೀ ಚುಚ್ಚಿದರೆ ಸಾಕು. 500 ಚದರ ಮೀಟರಿನ ಸಾಮಾನ್ಯ ಗ್ರೀನ್‌ಗೆ ಐವತ್ತು ಐವತ್ತೈದು ಬಿಂದು ಬರುತ್ತವೆ, ಇಬ್ಬರಿಗೆ ಒಂದು ಬೆಳಗಿನ ಕೆಲಸ. ಶುರುವಿನಲ್ಲಿ ಅಳೆದ ಬಿಂದುವನ್ನು ಕೊನೆಯಲ್ಲಿ ಮತ್ತೆ ಅಳೆಯಿರಿ. ವ್ಯತ್ಯಾಸ 5 ಮಿ.ಮೀ. ದಾಟಿದರೆ ಗುಳ್ಳೆ ಹೊಕ್ಕಿದೆ, ಅಷ್ಟನ್ನೂ ಮತ್ತೊಮ್ಮೆ ಮಾಡಬೇಕು.

ಮನೆಗೆ ಬಂದು 1:100 ಪ್ರಮಾಣದಲ್ಲಿ ಬಿಡಿಸಿ, 10 ಸೆಂ.ಮೀ. ಎತ್ತರಕ್ಕೊಂದರಂತೆ ಸಮೋನ್ನತ ರೇಖೆ (ಒಂದೇ ಎತ್ತರದ ಬಿಂದುಗಳನ್ನು ಕೂಡಿಸುವ ಗೆರೆ) ಎಳೆಯಿರಿ. ಈಗ ಗ್ರೀನ್ ಮಾತಾಡತೊಡಗುತ್ತದೆ. ಎರಡು ಗೆರೆಗಳ ನಡುವೆ 5 ಮೀಟರ್ ಇದ್ದರೆ ಇಳಿಜಾರು ಶೇ 2. 3.3 ಮೀಟರ್ ಇದ್ದರೆ ಶೇ 3. 2.5 ಮೀಟರಿಗೆ ಬಂದರೆ ಶೇ 4. ಇಂದಿನ ವೇಗದ ಗ್ರೀನ್‌ಗಳಲ್ಲಿ ಸುಮಾರು ಶೇ 3 ದಾಟಿದ ಜಾಗದಲ್ಲಿ ಪಿನ್ ಇಡುವುದು ತರವಲ್ಲ. ಮೇಲಿಂದ ಬಂದ ಪಟ್ ನಿಲ್ಲುವುದೇ ಇಲ್ಲ. ಶೇ 1ಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ. ನಿಮ್ಮ ನಕ್ಷೆಯಲ್ಲಿ ಈ ನಡುವಿನ ಜಾಗಕ್ಕೆ ಮಾತ್ರ ಹಸಿರು ಬಳಿಯಿರಿ, ಅಂಚಿನಿಂದ ನಾಲ್ಕು ಹೆಜ್ಜೆ ಒಳಗೆ ಉಳಿದದ್ದನ್ನು ಎಣಿಸಿ. ವಿಶಾಲ ಅನಿಸಿದ ಗ್ರೀನ್‌ನಲ್ಲಿ ಪಿನ್‌ಗೆ ಯೋಗ್ಯವಾದ ಜಾಗ ಮೂರನೇ ಒಂದು ಭಾಗವೂ ಇಲ್ಲದಿರಬಹುದು. ಆ ಭಾಗದಲ್ಲೇ ದಿನವೂ ಕಾಲು ತುಳಿದು ಹುಲ್ಲು ಸವೆಯುವುದಕ್ಕೆ ಕಾರಣ ಗ್ರೀನ್‌ಕೀಪರರ ಅಲಕ್ಷ್ಯವಲ್ಲ, ನಕ್ಷೆ.

ಹಳೆಯ ಗ್ರೀನ್‌ಗಳ ಕಷ್ಟವೂ ಇದೇ. ವೇಗ ಅಳೆಯುವ ಸ್ಟಿಂಪ್‌ಮೀಟರ್ ಅಂದರೆ ಉದ್ದಕ್ಕೂ ತೋಡು ಇರುವ ಒಂದು ಪಟ್ಟಿ. ಓಕ್‌ಮಾಂಟ್‌ನಲ್ಲಿ ನಡೆದ ಯು.ಎಸ್. ಓಪನ್ ನೋಡಿದ ಮೇಲೆ ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ಮಾಡಿದ್ದು. ಪಟ್ಟಿ ಎತ್ತಿದಾಗ ಉರುಳಿದ ಚೆಂಡು ಸಮತಟ್ಟು ಜಾಗದಲ್ಲಿ ಎಷ್ಟು ಅಡಿ ಹೋಯಿತೋ ಅದೇ ವೇಗ. 7 ಅಡಿ ವೇಗದ ಕಾಲಕ್ಕೆ ಕಟ್ಟಿದ ಶೇ 5ರ ಸೊಗಸಾದ ಇಳಿಜಾರು 10 ಅಡಿ ವೇಗಕ್ಕೆ ಬಂದಾಗ ಆಡಲಾಗದ ಜಾಗವಾಗುತ್ತದೆ. ಆಗ ಕ್ಲಬ್ಬುಗಳು ಗ್ರೀನ್ ಅಗೆಯುತ್ತವೆ. ಹುಲ್ಲನ್ನು ಒಂದು ಮಿಲಿಮೀಟರ್ ಹೆಚ್ಚು ಎತ್ತರ ಬಿಟ್ಟರೆ ಸಾಕಾಗುತ್ತಿತ್ತು ಎಂಬುದು ಅನೇಕ ಕಡೆ ನಿಜ, ಆದರೆ ನಿಧಾನದ ಗ್ರೀನ್ ಬೇಕು ಎನ್ನುವ ಸದಸ್ಯರು ಸಿಗುವುದು ಕಷ್ಟ.

ಮೇಲ್ಮೈ ಆಯಿತು, ಅದರಡಿ ಏನಿದೆ? ಅಮೆರಿಕದ ಗಾಲ್ಫ್ ಸಂಘ ಯುಎಸ್‌ಜಿಎ 1960ರಲ್ಲಿ ಪ್ರಕಟಿಸಿ, ಆಮೇಲೆ ಹಲವು ಸಲ ತಿದ್ದಿದ ಕ್ರಮವೇ ಎಲ್ಲೆಡೆ ಮಾದರಿ. ತಳದ ಮಣ್ಣನ್ನು ಗಟ್ಟಿ ಮಾಡಿ, ಅದರಲ್ಲಿ ಕನಿಷ್ಠ 15 ಸೆಂ.ಮೀ. ಅಗಲ, 20 ಸೆಂ.ಮೀ. ಆಳದ ಕಾಲುವೆ ತೋಡಿ, 10 ಸೆಂ.ಮೀ. ವ್ಯಾಸದ ತೂತಿನ ಪೈಪು ಕೂರಿಸುತ್ತಾರೆ. ಪೈಪಿನಿಂದ ಪೈಪಿಗೆ 5 ಮೀಟರಿಗಿಂತ ಹೆಚ್ಚು ಇರಬಾರದು. ಮೇಲೆ 10 ಸೆಂ.ಮೀ. ತೊಳೆದ ಜಲ್ಲಿ, ಅದರ ಮೇಲೆ 30 ಸೆಂ.ಮೀ. ಮರಳಿನ ಬೇರುಪದರ. ಮರಳಿನಲ್ಲಿ ಕನಿಷ್ಠ ಶೇ 60 ಭಾಗ ಕಾಲು ಮಿಲಿಮೀಟರಿನಿಂದ 1 ಮಿಲಿಮೀಟರ್ ಗಾತ್ರದ್ದಿರಬೇಕು. ಜೇಡಿ ಶೇ 3ಕ್ಕಿಂತ, ಹೂಳು ಶೇ 5ಕ್ಕಿಂತ ಹೆಚ್ಚಿರಬಾರದು. 500 ಚದರ ಮೀಟರ್ ಗ್ರೀನ್‌ಗೆ ಲೆಕ್ಕ ಹಾಕಿ: 150 ಘನ ಮೀಟರ್ ಮರಳು, 50 ಘನ ಮೀಟರ್ ಜಲ್ಲಿ. ಇದು ಅದುಮಿ ಕೂತ ಮೇಲಿನ ಲೆಕ್ಕ, ಲಾರಿಯಲ್ಲಿ ತರಿಸುವುದು ಇನ್ನಷ್ಟು ಹೆಚ್ಚು. ಅಭ್ಯಾಸದ ಗ್ರೀನ್ ಸೇರಿಸಿ 19ರಿಂದ ಗುಣಿಸಿದರೆ ಕೋರ್ಸ್ ಕಟ್ಟುವುದು ಏಕೆ ದುಬಾರಿ ಎಂದು ಬೇರೆ ಹೇಳಬೇಕಿಲ್ಲ.

ಸಣ್ಣ ಮರಳಿನ ಕೆಳಗೆ ದಪ್ಪ ಜಲ್ಲಿ ಏಕೆ? ನೀರು ಬೇಗ ಇಳಿಯಲಿ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅರ್ಧ ಮಾತ್ರ ಸರಿ. ಒದ್ದೆ ಸ್ಪಂಜನ್ನು ಎತ್ತಿ ಹಿಡಿಯಿರಿ: ಸ್ವಲ್ಪ ಸುರಿದು ನಿಲ್ಲುತ್ತದೆ, ಕೆಳ ಅಂಚಿನಲ್ಲಿ ನೀರು ನಿಂತೇ ಇರುತ್ತದೆ. ಮರಳೂ ಹಾಗೆಯೇ. ಜಲ್ಲಿಯ ದೊಡ್ಡ ಸಂದುಗಳಿಗೆ ನೀರು ಸುಲಭಕ್ಕೆ ಇಳಿಯದೆ ಮರಳಿನ ತಳದಲ್ಲಿ ತಂಗುತ್ತದೆ. ಮಳೆ ಜೋರಾಗಿ ಭಾರ ಹೆಚ್ಚಿದಾಗ ಮಾತ್ರ ಸುರಿದುಹೋಗುತ್ತದೆ. ಮಳೆಯಲ್ಲಿ ಬಸಿಯುತ್ತದೆ, ಬಿಸಿಲಲ್ಲಿ ಬೇರಿಗೆ ತೇವ ಉಳಿಯುತ್ತದೆ. ಇದರಿಂದಲೇ 30 ಸೆಂ.ಮೀ. ಎನ್ನುವುದು ಎಲ್ಲೆಡೆ ಒಂದೇ ಇರಬೇಕು. ತಳವನ್ನು ಸಪಾಟು ಮಾಡಿ, ಉಬ್ಬುತಗ್ಗುಗಳನ್ನು ಮೇಲಿನ ಮರಳಲ್ಲೇ ಮಾಡಿದರೆ 40 ಸೆಂ.ಮೀ. ಇರುವ ಉಬ್ಬು ಮೊದಲು ಒಣಗಿ ಹುಲ್ಲು ಬಾಡುತ್ತದೆ, 20 ಸೆಂ.ಮೀ. ಇರುವ ತಗ್ಗು ಪಾಚಿಗಟ್ಟುತ್ತದೆ. ತಳ ಮೇಲ್ಮೈಯ ಪಡಿಯಚ್ಚಾಗಿರಬೇಕು. ‘ಭದ್ರವಾಗಿರಲಿ’ ಎಂದು ಪೈಪಿಗೆ ಬಟ್ಟೆ ಸುತ್ತುವುದು ಇನ್ನೊಂದು ಮಾಮೂಲಿ ತಪ್ಪು. ಸಣ್ಣ ಕಣಗಳು ಅದರಲ್ಲಿ ಸಿಕ್ಕಿ ಕೆಲವೇ ವರ್ಷಗಳಲ್ಲಿ ಬಸಿಯುವುದು ನಿಲ್ಲುತ್ತದೆ.

ನಮ್ಮಲ್ಲಿ ಈಗ ಹೊಳೆ ಮರಳು ಸಿಗುವುದು ಕಷ್ಟ, ಎಂ-ಸ್ಯಾಂಡ್ ಸುಲಭ. ಕಾಂಕ್ರೀಟಿಗೆ ಅದು ಸರಿ. ಆದರೆ ಅದರಲ್ಲಿನ ಕಲ್ಲುಪುಡಿ ಗ್ರೀನ್‌ಗೆ ವಿಷ, ಸಂದುಗಳನ್ನೆಲ್ಲ ಮುಚ್ಚಿ ಗಟ್ಟಿಯಾಗುತ್ತದೆ. ತೊಳೆದು, ಜರಡಿ ಹಿಡಿದು, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ಒಂದು ಲೋಡನ್ನೂ ಇಳಿಸಿಕೊಳ್ಳಬಾರದು.

ಹುಲ್ಲಿನ ಬಗ್ಗೆ ಸಂಕ್ಷಿಪ್ತವಾಗಿ: ಗಣಪನಿಗೆ ಏರಿಸುವ ಗರಿಕೆಯೇ ಗಾಲ್ಫ್ ಲೋಕದ ಬರ್ಮುಡಾ. ಗ್ರೀನ್‌ಗೆ ಬಳಸುವ ಟಿಫ್‌ಡ್ವಾರ್ಫ್‌ನಂಥ ತಳಿಗಳ ಮೂಲ ಗರಿಕೆ ಮತ್ತು ಅದರ ಆಫ್ರಿಕಾದ ಸೋದರಿಯ ಮಿಶ್ರತಳಿಯಲ್ಲಿದೆ. ಈ ಹುಲ್ಲು ಬಿಸಿಲು ತಡೆಯುತ್ತದೆ, ತುಳಿತ ತಡೆಯುತ್ತದೆ, ನೆರಳು ಮಾತ್ರ ತಡೆಯದು. ಹೊಸಬರು ಗ್ರೀನನ್ನು ತೋಪಿನ ನಡುವೆ ಇಡಲು ಆಸೆಪಡುತ್ತಾರೆ. ಪೂರ್ವಕ್ಕೆ ದಟ್ಟ ಮರಗಳಿದ್ದರೆ ಬೆಳಗಿನ ಬಿಸಿಲು ತಪ್ಪಿ, ಇಬ್ಬನಿ ಆರದೆ, ರೋಗ ಹಿಡಿಯುತ್ತದೆ.

ಬಂಕರ್‌ಗಳನ್ನು ಹಾಳುಮಾಡುವುದು ಆಟಗಾರರಿಗಿಂತ ಮಳೆ. ಕಡಿದಾದ ಮರಳಿನ ಗೋಡೆ ಚಿತ್ರದಲ್ಲಿ ಚೆಂದ. ಜೂನ್ ತಿಂಗಳ ಒಂದು ಸಂಜೆ ಮಳೆಗೆ ಗೋಡೆಯ ಮರಳೆಲ್ಲ ತಳಕ್ಕೆ ಇಳಿದು, ಹಿಂದಿನ ಕೆಂಪು ಮಣ್ಣು ಕರಗಿ ಅದರಲ್ಲಿ ಬೆರೆಯುತ್ತದೆ. ಒಮ್ಮೆ ಬೆರೆತ ಮರಳು ಮತ್ತೆ ಬಸಿಯುವುದಿಲ್ಲ, ಅಷ್ಟೂ ಎತ್ತಿ ಎಸೆಯಬೇಕು. ಹಾಗಾಗಿ ನಮ್ಮ ಹವೆಗೆ ಗೋಡೆ ಹುಲ್ಲಿನದು, ಮರಳು ತಳದಲ್ಲಿ ಮಾತ್ರ, 10ರಿಂದ 15 ಸೆಂ.ಮೀ. ದಪ್ಪ. ಸುತ್ತಲಿನ ನೆಲದ ನೀರು ಒಳಗೆ ಹರಿಯದಂತೆ ಮೇಲಂಚಿನ ಹಿಂದೆ ಒಂದು ಮೆಲ್ಲನೆಯ ಬದು. ರೋಡ್ ಹೋಲ್‌ನಂತೆ ಚೆಂಡನ್ನು ಸೆಳೆಯುವ ಬಂಕರ್ ಬೇಕು, ಆದರೆ ನೀರನ್ನು ಸೆಳೆಯಬಾರದು. ಇವೆರಡನ್ನೂ ಒಟ್ಟಿಗೆ ಸಾಧಿಸುವುದರಲ್ಲೇ ಕೈಚಳಕ ಇರುವುದು.

ಇಷ್ಟು ಕೈಗೆ ಹತ್ತಿದ ಮೇಲೆ ಇಡೀ ಕೋರ್ಸ್. ಇದಕ್ಕೆ ಒಂದು ಅಗ್ಗದ ಅಭ್ಯಾಸವಿದೆ. ಸುಮಾರು 200 ಎಕರೆಯ ಯಾವುದಾದರೂ ನೆಲದ ನಕ್ಷೆಯನ್ನು, ಸಾಧ್ಯವಾದಷ್ಟು ಹತ್ತಿರದ ಸಮೋನ್ನತ ರೇಖೆಗಳೊಂದಿಗೆ, 1:5000ದಲ್ಲಿ ತೆಗೆಯಿರಿ. ರಟ್ಟಿನಲ್ಲಿ 18 ಪಟ್ಟಿ ಕತ್ತರಿಸಿ: ಪಾರ್ 3ಕ್ಕೆ 3.2 ಸೆಂ.ಮೀ. ಉದ್ದದ ನಾಲ್ಕು, ಪಾರ್ 4ಕ್ಕೆ 7.4 ಸೆಂ.ಮೀ.ನ ಹತ್ತು, ಪಾರ್ 5ಕ್ಕೆ 9.8 ಸೆಂ.ಮೀ.ನ ನಾಲ್ಕು. ನೆಲದ ಮೇಲೆ ಇವು 160, 370, 490 ಮೀಟರ್. ಒಟ್ಟು 6300 ಮೀಟರ್, ಪಾರ್ 72. ಎಲ್ಲ ಪಟ್ಟಿಯ ಅಗಲ 2.4 ಸೆಂ.ಮೀ., ಅಂದರೆ ನಡುಗೆರೆಯಿಂದ ಎರಡೂ ಬದಿಗೆ 60 ಮೀಟರ್. ಅಷ್ಟು ಅಗಲ ಯಾಕೆಂದರೆ ನಿಮ್ಮ ಹ್ಯಾಂಡಿಕ್ಯಾಪಿನವರ ಸ್ಲೈಸ್ (ಬಲಕ್ಕೆ ತಿರುಗಿಹೋಗುವ ಹೊಡೆತ) ಎಲ್ಲಿಗೆ ಹೋಗುತ್ತದೆಂದು ನಿಮಗೇ ಗೊತ್ತು. ಎಲ್ಲ ಪಟ್ಟಿಗಳ ವಿಸ್ತೀರ್ಣ ಕೂಡಿದರೆ ಸುಮಾರು 75.6 ಹೆಕ್ಟೇರ್, 187 ಎಕರೆ. ಕ್ಲಬ್‌ಹೌಸ್, ಕೆರೆ ಬೇರೆ. ಆಗ ಪಟ್ಟಿಗಳು ನಕ್ಷೆಯೊಳಗೆ ಏಕೆ ಹಿಡಿಯುತ್ತಿಲ್ಲ ಎಂದು ತಿಳಿಯುತ್ತದೆ.

ಪಟ್ಟಿ ಇಡುವ ಮೊದಲು ನೀರು ಹರಿಯುವ ತಗ್ಗುಗಳನ್ನೆಲ್ಲ ನೀಲಿಯಲ್ಲಿ ಗುರುತು ಮಾಡಿ. ಹಳ್ಳ, ರಾಜಕಾಲುವೆ, ಕೆರೆಯಂಗಳವನ್ನು ಸರಿಸುವಂತಿಲ್ಲ. ಕಾನೂನೂ ಬಿಡದು, ನೀರೂ ಬಿಡದು. ಆಮೇಲೆ ಗ್ರೀನ್‌ಗೆ ತಾನಾಗಿ ಒದಗುವ ಜಾಗ ಹುಡುಕಿ: ದಿಣ್ಣೆಯ ಮಗ್ಗುಲಿನ ಜಗಲಿ, ಹಳ್ಳದ ಅಂಚು. ಗ್ರೀನ್‌ಗಳು ಮೊದಲು, ಟೀಗಳು ಆಮೇಲೆ. ಕ್ಲಬ್‌ಹೌಸಿಗೆ ಮರಳುವ ಒಂಬತ್ತರ ಎರಡು ಸುತ್ತು. ಗಡಿಯುದ್ದಕ್ಕೆ ಹೋಗುವ ಹೋಲ್‌ಗಳನ್ನು ಪ್ರದಕ್ಷಿಣೆಯ ದಿಕ್ಕಿನಲ್ಲಿ ತಿರುಗಿಸಿ. ಆಗ ಗಡಿ ಎಡಕ್ಕಿರುತ್ತದೆ, ಬಲಗೈ ಆಟಗಾರರ ಸ್ಲೈಸ್ ಕೋರ್ಸಿನೊಳಗೇ ಬೀಳುತ್ತದೆ, ಪಕ್ಕದ ಮನೆಯ ಕಿಟಕಿಗಲ್ಲ. ಮೊದಲ ಹೋಲ್ ಪೂರ್ವಕ್ಕೆ, ಕೊನೆಯದು ಪಶ್ಚಿಮಕ್ಕೆ ಇದ್ದರೆ ಬೆಳಗಿನವರಿಗೂ ಸಂಜೆಯವರಿಗೂ ಸೂರ್ಯ ಕಣ್ಣಿಗೆ. ಮೊದಲೆರಡರಲ್ಲಿ ಪಾರ್ 3 ಬೇಡ, ಭಾನುವಾರ ಸಾಲುಗಟ್ಟುತ್ತದೆ. ಮೊದಲ ಪ್ರಯತ್ನದಲ್ಲಿ 14 ಹೋಲ್ ಕೂತರೆ ಚೆನ್ನಾಗಿ ಮಾಡಿದ್ದೀರಿ ಎಂದರ್ಥ.

ನಿಮ್ಮೂರಿನ ಕೋರ್ಸೇ ಇದಕ್ಕೆ ಒಳ್ಳೆಯ ಪಾಠ. ಚಾಮುಂಡಿ ಬೆಟ್ಟದ ಬುಡದಲ್ಲಿ ಅದು ರೇಸ್ ಕೋರ್ಸಿನ ಜೊತೆ ಜಾಗ ಹಂಚಿಕೊಂಡಿದೆ. ಕುದುರೆ ಓಡುವ ದಾರಿಯನ್ನು ಮುಟ್ಟದೆ ಹೋಲ್‌ಗಳನ್ನು ಹೇಗೆ ಹೊಂದಿಸಿದ್ದಾರೆ, ಎಲ್ಲಿ ಇಕ್ಕಟ್ಟಾಗಿದೆ ಎಂದು ಗೂಗಲ್ ಅರ್ಥ್‌ನಲ್ಲಿ ಅಳೆದು ನೋಡಿ. ಉದ್ದ, ಅಗಲಕ್ಕೆ ಅದು ಚೆನ್ನಾಗಿ ಸಾಕು. ಎತ್ತರದ ಅಂಕಿಗಳನ್ನು ಮಾತ್ರ ಗ್ರೀನ್ ಮಟ್ಟಕ್ಕೆ ನಂಬಬೇಡಿ.

ವೃತ್ತಿ ಮಾಡಿಕೊಳ್ಳುವ ಮಾತು ಬಂದರೆ, ಅಮೆರಿಕದಲ್ಲೂ ಯುರೋಪಿನಲ್ಲೂ ಕೋರ್ಸ್ ವಿನ್ಯಾಸಕರ ಸಂಘಗಳಿವೆ, ಯುರೋಪಿನದು ಪಾಠವನ್ನೂ ನಡೆಸುತ್ತದೆ. ಆದರೆ ನಮ್ಮ ದೇಶದಲ್ಲಿ ಒಳಬರುವ ಬಾಗಿಲು ಹೊಸ ಕೋರ್ಸುಗಳಿಗಿಂತ ಹಳೆಯವುಗಳ ರಿಪೇರಿ. ನಿಮ್ಮ ಕ್ಲಬ್ಬಿನ ಗ್ರೀನ್ಸ್ ಸಮಿತಿ ಸೇರಿ. ಎಲ್ಲಾದರೂ ಗ್ರೀನ್ ಅಗೆಯುತ್ತಿದ್ದಾರೆಂದು ಕೇಳಿದರೆ ರಜೆ ಹಾಕಿ ಹೋಗಿ, ಹಿಟಾಚಿ ಓಡಿಸುವವರ ಪಕ್ಕ ಎರಡು ದಿನ ನಿಲ್ಲಿ. ನಕ್ಷೆಯ ಗೆರೆ ಮಣ್ಣಿನ ಉಬ್ಬಾಗುವುದು ಅವರ ಬಕೆಟ್ಟಿನ ತುದಿಯಲ್ಲಿ.

ಆಮೇಲೆ ನೋಟ್‌ಬುಕ್ ತೆರೆಯಿರಿ, ಹೊಸ ಹೋಲ್‌ಗಲ್ಲ, ನೀವು ಅಳೆದ ಆ ಒಂದೇ ಗ್ರೀನ್‌ಗೆ. ಮೂರು ಹಾಳೆ ಸಾಕು: ಈಗಿರುವ ಸಮೋನ್ನತ ರೇಖೆಗಳು, ಕನಿಷ್ಠ ನಾಲ್ಕು ಪಿನ್ ಜಾಗಗಳೊಂದಿಗೆ ನಿಮ್ಮ ಬದಲಾವಣೆಯ ರೇಖೆಗಳು, ನೀರು ಹರಿಯುವ ಬಾಣಗಳು. ಬಾಣಗಳು ಎರಡು ಮೂರು ದಿಕ್ಕಿಗೆ ಹಂಚಿರಲಿ. ಎಲ್ಲವೂ ಮುಂಭಾಗಕ್ಕೇ ಬಂದರೆ ಜನ ಹತ್ತುವ ಜಾಗವೇ ಕೆಸರು. ಇದನ್ನು ಆಟಗಾರ ಗೆಳೆಯರಿಗೆ ತೋರಿಸುವ ಮೊದಲು ಗ್ರೀನ್‌ಕೀಪರರಿಗೆ ತೋರಿಸಿ. ಬಂಕರಿನ ಅಂಚಿಗೂ ಗ್ರೀನ್‌ಗೂ ನಡುವೆ ಹುಲ್ಲು ಕತ್ತರಿಸುವ ಮೊವರ್ ತಿರುಗಿಸಲು ಮೂರು ಮೀಟರ್ ಬಿಟ್ಟಿದ್ದೀರಾ ಎಂದು ಅವರು ಕೇಳುತ್ತಾರೆ. ಆ ಅಳತೆ ಹಾಳೆಯಲ್ಲಿ ಮೊದಲೇ ಬರೆದಿರಲಿ.